ಸೊಂಟದ ಕತ್ತಿ, ಸರ್ಕಾರದ ಅಪ್ಪಣೆ

1854ರ ಡಿಸೆಂಬರಿನಲ್ಲಿ ಮಲಬಾರಿನ ಕಲೆಕ್ಟರ್ ಹೆನ್ರಿ ವ್ಯಾಲೆಂಟೈನ್ ಕನೋಲಿ ಕತ್ತಿ ಕೂಡಿಸಲು ಹೊರಟ. ಅದೇ ವರ್ಷ ಬಂದಿದ್ದ 24ನೇ ಕಾಯ್ದೆಯ ಪ್ರಕಾರ ಮಾಪಿಳ್ಳೆಗಳ ಯುದ್ಧಕತ್ತಿಯನ್ನು ಮನೆಯಲ್ಲಿ ಇಟ್ಟುಕೊಳ್ಳುವುದೇ ಅಪರಾಧ. ಕನೋಲಿ ತಾಲೂಕಿನಿಂದ ತಾಲೂಕಿಗೆ ತಿರುಗಿ, ಊರಿನ ಪ್ರಮುಖರನ್ನು ಕರೆಸಿ, ಕತ್ತಿ ತಂದೊಪ್ಪಿಸುವಂತೆ ಹೇಳಿದ. ಜನವರಿ ಮುಗಿಯುವ ಹೊತ್ತಿಗೆ 7,000ಕ್ಕೂ ಹೆಚ್ಚು ಕತ್ತಿಗಳು ಸರ್ಕಾರದ ವಶಕ್ಕೆ ಬಂದಿದ್ದವು. ಅದಾಗಿ ಎಂಟು ತಿಂಗಳೂ ಕಳೆದಿರಲಿಲ್ಲ, 1855ರ ಸೆಪ್ಟೆಂಬರಿನ ಒಂದು ರಾತ್ರಿ ಕಲ್ಲಿಕೋಟೆಯ ತನ್ನ ಬಂಗಲೆಯಲ್ಲೇ ಕನೋಲಿಯನ್ನು ಕಡಿದು ಕೊಂದರು.

ಮಲಬಾರಿನ ಬಯಲಿನಿಂದ ಘಟ್ಟ ಹತ್ತಿದರೆ ಕೊಡಗು. ಮಾಕುಟ್ಟದ ಕಾಡುದಾರಿ ಹಿಡಿದರೆ ಒಂದು ದಿನದ ನಡಿಗೆಯಲ್ಲಿ ಗಡಿ ದಾಟಬಹುದು. ಅಲ್ಲಿಯೂ ಗಂಡಸರು ಕತ್ತಿ ಧರಿಸುತ್ತಿದ್ದರು. ಅಲ್ಲಿಯೂ ಆಳುತ್ತಿದ್ದದ್ದು ಅದೇ ಇಂಗ್ಲಿಷರು. ಆದರೆ 1861ರ ಫೆಬ್ರುವರಿಯಲ್ಲಿ ಮೈಸೂರು ಮತ್ತು ಕೊಡಗಿನ ಕಮಿಷನರ್ ಮಾರ್ಕ್ ಕಬ್ಬನ್ ಹೊರಡಿಸಿದ ಘೋಷಣೆ ಮಲಬಾರಿನ ಕಾಯ್ದೆಗೆ ನೇರ ವಿರುದ್ಧವಾಗಿತ್ತು. 1857ರ ಬಂಡಾಯದ ನಂತರ ದೇಶಕ್ಕೆಲ್ಲ ಅನ್ವಯಿಸಿದ ನಿರಾಯುಧೀಕರಣದ ಕಾಯ್ದೆಯಿಂದ ಕೊಡವರಿಗೆ ವಿನಾಯಿತಿ ಸಿಕ್ಕಿತು. ಅವರ ಮಾನ, ನಿಷ್ಠೆ, ಧೈರ್ಯಗಳನ್ನು ಹೊಗಳಿ, ಕಂಪನಿ ಸರ್ಕಾರಕ್ಕೆ ಅವರು ಮಾಡಿದ ಸಹಾಯವನ್ನು ನೆನೆದು ಕೊಟ್ಟ ವಿನಾಯಿತಿ ಅದು. ಕಬ್ಬನ್ ಆಮೇಲೆ ಹೆಚ್ಚು ದಿನ ಬದುಕಲಿಲ್ಲ. ಊರಿಗೆ ಹೊರಟವನು ಏಪ್ರಿಲಿನಲ್ಲಿ ಸೂಯೆಜ್‌ನಲ್ಲಿ ತೀರಿಕೊಂಡ. ಅವನು ಕೊಟ್ಟ ವಿನಾಯಿತಿ ಮಾತ್ರ ರೂಪ ಬದಲಿಸುತ್ತ ಇಂದಿಗೂ ಉಳಿದಿದೆ.

ಘಟ್ಟದ ಕೆಳಗೆ ಕತ್ತಿ ಇದ್ದರೆ ಜೈಲು, ಘಟ್ಟದ ಮೇಲೆ ಮರ್ಯಾದೆ. ಎರಡರ ನಡುವೆ ಏಳೇ ವರ್ಷ. ಮನುಷ್ಯರಿಗೆ ಕತ್ತಿಯ ಮೇಲೆ ಯಾಕಿಷ್ಟು ಮೋಹ ಎಂದು ಕೇಳುವವರು ಸಾಮಾನ್ಯವಾಗಿ ಭಯ, ಬೇಟೆ, ಗಂಡಸುತನ ಎಂಬ ಮೂರು ಉತ್ತರಗಳಲ್ಲಿ ಒಂದನ್ನು ಆರಿಸಿಕೊಂಡು ಸುಮ್ಮನಾಗುತ್ತಾರೆ. ಮಲಬಾರು ಮತ್ತು ಕೊಡಗನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಈ ಮೂರೂ ಸಾಲುವುದಿಲ್ಲ. ಕತ್ತಿ ಧರಿಸುವವನ ಮನಸ್ಸನ್ನು ಬಲ್ಲವರು ಯಾರಿದ್ದಾರೋ, ಆದರೆ ಅವನು ಯಾರ ಅಪ್ಪಣೆಯಿಂದ ಧರಿಸುತ್ತಾನೆ, ಪಕ್ಕದವನಿಗೆ ಆ ಅಪ್ಪಣೆ ಇದೆಯೋ ಇಲ್ಲವೋ ಎಂಬುದು ದಾಖಲೆಯಲ್ಲೇ ಸಿಗುತ್ತದೆ.

ಮೊದಲು ಕತ್ತಿಗಳನ್ನೇ ನೋಡಬೇಕು. ಕೊಡವ ಗಂಡಸಿನ ಉಡುಪಿನಲ್ಲಿ ಎರಡು ಕತ್ತಿಗಳಿವೆ. ಕುಪ್ಯದ ಮೇಲೆ ಬಿಗಿದ ಕೆಂಪು ಚೇಲೆಯ ಮುಂಭಾಗಕ್ಕೆ ಸಿಕ್ಕಿಸುವುದು ಪೀಚೆಕತ್ತಿ. ಅದು ಚಿಕ್ಕದು, ಅಲಗು ಒಂದು ಗೇಣಿಗೂ ಕಡಿಮೆ. ಹಿಡಿಗೂ ಒರೆಗೂ ಬೆಳ್ಳಿಯ ಕೆಲಸ, ಒರೆಯಿಂದ ಇಳಿಬಿದ್ದ ಸರಪಳಿ. ಹಳೆಯ ಪೀಚೆಕತ್ತಿಗಳ ಸರಪಳಿಗೆ ಕಿವಿ ಕುಗ್ಗೆ ತೆಗೆಯುವ ಕಡ್ಡಿ, ಚಿಮಟ, ಹಲ್ಲು ಚುಚ್ಚುವ ಕಡ್ಡಿಗಳನ್ನೂ ಪೋಣಿಸಿರುತ್ತಾರೆ. ವೀರಾಧಿವೀರನ ಆಯುಧಕ್ಕೆ ಕಿವಿಕಡ್ಡಿಯೇ ಎಂದು ನಗು ಬರಬಹುದು. ಆದರೆ ದಿನವಿಡೀ ಮೈಮೇಲೆ ಇರುವ ವಸ್ತು ದಿನದ ಕೆಲಸಕ್ಕೂ ಒದಗಬೇಕಲ್ಲ. ಅಡಕೆ ಚೂರು ಮಾಡುವುದು, ಬಳ್ಳಿ ಕತ್ತರಿಸುವುದು, ಕಾಲಿಗೆ ಹೊಕ್ಕ ಮುಳ್ಳು ಕೀಳುವುದು ಇವೆಲ್ಲ ದಿನಕ್ಕೆ ಹತ್ತು ಸಲ ಬರುವ ಕೆಲಸಗಳು. ಇರಿಯುವ ಸಂದರ್ಭ ಬಂದರೆ ಜನ್ಮಕ್ಕೊಮ್ಮೆ.

ಎರಡನೆಯದು ಒಡಿಕತ್ತಿ. ಇದು ಮುಂದಕ್ಕೆ ಬಾಗಿದ, ತುದಿಯತ್ತ ಅಗಲವಾಗುತ್ತ ಹೋಗುವ ಭಾರದ ಕತ್ತಿ. ಹರಿತವಿರುವುದು ಬಾಗಿನ ಒಳಬದಿಗೆ. ಇದಕ್ಕೆ ಒರೆ ಇಲ್ಲ. ನಡುಪಟ್ಟಿಯ ಹಿಂಭಾಗಕ್ಕೆ ಸೇರಿಸಿದ ತೋಡಂಗ್ ಎಂಬ ಹಿತ್ತಾಳೆಯ ಹಿಡಿಕೆಯಲ್ಲಿ ಬೆನ್ನ ಮೇಲೆ ಬರಿ ಅಲಗಾಗಿಯೇ ನಿಲ್ಲುತ್ತದೆ. ಕಾಡಿನ ದಾರಿಯಲ್ಲಿ ಎರಡೂ ಕೈ ಖಾಲಿ ಬೇಕಾದವನಿಗೆ, ಬೇಕೆಂದಾಗ ಕೈ ಹಿಂದೆ ಹಾಕಿ ಒಂದೇ ಸೆಳೆತಕ್ಕೆ ತೆಗೆಯಬೇಕಾದವನಿಗೆ ಹೊಂದುವ ಏರ್ಪಾಡು. ಆಕಾರ ನೋಡಿದರೆ ಇದು ಬಿದಿರು ಕಡಿಯುವ ಕತ್ತಿಯ ಅಣ್ಣ. ಮಲೆನಾಡಿನ ಯಾವ ತೋಟದ ಆಳಿಗೂ ಇದನ್ನು ಬೀಸುವುದು ಹೇಗೆಂದು ಹೇಳಿಕೊಡಬೇಕಾಗಿಲ್ಲ.

ಈ ಕತ್ತಿಗಳನ್ನು ಇಂಗ್ಲಿಷರು ಕೊಟ್ಟದ್ದಲ್ಲ, ಕಬ್ಬನ್ ಹುಟ್ಟುವ ಮುಂಚೆಯೇ ಇದ್ದವು. ಹಾಲೇರಿ ಅರಸರ ಕಾಲದಲ್ಲಿ ಜಮ್ಮಾ ಭೂಮಿ ಪಡೆದ ಒಕ್ಕಗಳು ಅರ್ಧ ಕಂದಾಯ ಕೊಟ್ಟು, ಉಳಿದರ್ಧದ ಬದಲಿಗೆ ಕರೆದಾಗ ಆಯುಧ ಹಿಡಿದು ಬರಬೇಕಿತ್ತು. ಕಡಂಗಗಳೆಂಬ ಕಂದಕಗಳನ್ನೂ ಉಕ್ಕಡಗಳನ್ನೂ ಕಾಯಬೇಕಿತ್ತು. ಅಂದರೆ ಕತ್ತಿ ಆಗ ಹಕ್ಕಾಗಿರಲಿಲ್ಲ, ಬಾಧ್ಯತೆಯಾಗಿತ್ತು. ಮಂಗಳೂರಿನ ಬಾಸೆಲ್ ಮಿಷನ್ನಿನಿಂದ ಕೊಡಗಿಗೆ ಬಂದ ಪಾದ್ರಿ ಜಿ. ರಿಕ್ಟರ್ 1870ರಲ್ಲಿ ಪ್ರಕಟಿಸಿದ ಕೊಡಗಿನ ಕೈಪಿಡಿಯಲ್ಲಿ ಗಂಡುಮಗು ಹುಟ್ಟಿದಾಗಿನ ಒಂದು ಪದ್ಧತಿಯನ್ನು ಬರೆದಿದ್ದಾನೆ. ಹರಳುಗಿಡದ ಕಡ್ಡಿ ಬಾಗಿಸಿ ಪುಟ್ಟ ಬಿಲ್ಲು ಮಾಡಿ, ಬಾಣದ ಸಮೇತ ಎಳೆಗೂಸಿನ ಕೈಗೆ ಕೊಡುತ್ತಾರೆ, ಅಂಗಳದಲ್ಲಿ ಒಂದು ಗುಂಡು ಹಾರಿಸುತ್ತಾರೆ. ಸತ್ತಾಗ ಎರಡು ಗುಂಡು. ಮಗು ಲೋಕಕ್ಕೆ ಪರಿಚಯವಾಗುವುದೇ ಆಯುಧದ ಮೂಲಕ.

ಆದರೆ ಅದೇ ಸಮಾಜ ಆಯುಧವನ್ನು ಕೆಳಗಿಡುವುದಕ್ಕೂ ಒಂದು ಕಾಲ ಗೊತ್ತು ಮಾಡಿತ್ತು ಎಂಬುದನ್ನು ಹೊರಗಿನವರು ಗಮನಿಸುವುದು ಕಡಿಮೆ. ಮಳೆಗಾಲದಲ್ಲಿ ಗದ್ದೆಗಿಳಿದಾಗ ಆಯುಧಗಳು ಐನ್‌ಮನೆಯ ಕನ್ನಿ ಕೋಂಬರೆ ಸೇರುತ್ತಿದ್ದವು. ನಾಟಿ ಮುಗಿದು ಸೆಪ್ಟೆಂಬರಿನ ಆರಂಭದಲ್ಲಿ ಕೈಲ್ ಪೊಳ್ದ್ ಬಂದಾಗಲೇ ಅವು ಹೊರಬರುವುದು. ಕೈಲ್ ಎಂದರೆ ಆಯುಧ. ಕೋವಿ, ಒಡಿಕತ್ತಿ, ಪೀಚೆಕತ್ತಿಗಳನ್ನು ಒರೆಸಿ, ಚಂದನ ಹಚ್ಚಿ, ತೋಕ್ ಪೂ ಎಂಬ ಬೆಂಕಿಬಣ್ಣದ ಕಾಡುಹೂ ಮುಡಿಸಿ ಪೂಜಿಸುತ್ತಾರೆ. ತೋಕ್ ಎಂದರೆ ಕೋವಿ, ಹೂವಿನ ಹೆಸರೇ ಕೋವಿಹೂ. ಪೂಜೆ ಆದಮೇಲೆ ಕಡಂಬುಟ್ಟು, ಹಂದಿಕರಿ, ಮೈದಾನದಲ್ಲಿ ತೆಂಗಿನಕಾಯಿಗೆ ಗುರಿ. ವ್ಯವಸಾಯದ ತಿಂಗಳುಗಳು ಒಂದು ಕಡೆ, ಬೇಟೆ ಮತ್ತು ಕಾವಲಿನ ತಿಂಗಳುಗಳು ಇನ್ನೊಂದು ಕಡೆ, ನಡುವೆ ಈ ಹಬ್ಬ. ಕತ್ತಿ ಎಂದೂ ಮೈಬಿಟ್ಟಿರದ ಜನಾಂಗ ಎಂಬ ಚಿತ್ರ ಬಹುಪಾಲು ಪ್ರವಾಸಿ ಪುಸ್ತಕಗಳದ್ದು.

1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಇಳಿಸಿ ಕಂಪನಿ ಕೊಡಗನ್ನು ತೆಗೆದುಕೊಂಡಾಗ ಈ ಕತ್ತಿಗಳ ಅರ್ಥ ಬದಲಾಯಿತು. ಕರೆಯಲು ಅರಸನಿಲ್ಲ, ಹೋಗಲು ಯುದ್ಧವಿಲ್ಲ. ಅಂಥ ಹೊತ್ತಿನಲ್ಲಿ 1837ರ ದಂಗೆ ಬಂತು. ಅಮರಸುಳ್ಯದ ಗೌಡ ರೈತರು ಕಲ್ಯಾಣಸ್ವಾಮಿಯ ಹೆಸರಿನಲ್ಲಿ ಎದ್ದು, ಕೆದಂಬಾಡಿ ರಾಮಯ್ಯಗೌಡರ ಮುಂದಾಳತ್ವದಲ್ಲಿ ಏಪ್ರಿಲಿನಲ್ಲಿ ಮಂಗಳೂರನ್ನೇ ಹಿಡಿದು ಸುಮಾರು ಎರಡು ವಾರ ಇಟ್ಟುಕೊಂಡರು. ಮೇಲೆ ಕೊಡಗಿನಲ್ಲಿ ದಿವಾನ ಅಪ್ಪಾರಂಡ ಬೋಪು ಮತ್ತು ಅವನ ಕಡೆಯವರು ಕಂಪನಿಯ ಪರ ನಿಂತು ದಂಗೆಯನ್ನು ಅಡಗಿಸಲು ನೆರವಾದರು. ಅಕ್ಟೋಬರ್ 31ರಂದು ಗುಡ್ಡೆಮನೆ ಅಪ್ಪಯ್ಯಗೌಡರನ್ನು ಮಡಿಕೇರಿಯ ಕೋಟೆಯ ಬಳಿ ಗಲ್ಲಿಗೇರಿಸಿದರು. ಕಂಪನಿಯ ಪರ ನಿಂತವರಿಗೆ ಚಿನ್ನದ, ಬೆಳ್ಳಿಯ ಪದಕಗಳು ಬಂದವು. ಪದಕದ ಒಂದು ಬದಿಯಲ್ಲಿ ಕತ್ತಿ ಎತ್ತಿ ನಿಂತ ಕೊಡಗಿನ ಯೋಧನ ಚಿತ್ರವಿತ್ತು.

ಕತ್ತಿಯನ್ನು ಸೊಂಟದಿಂದ ಪದಕಕ್ಕೆ ಏರಿಸಿದ್ದು ಈ ಘಟನೆ. ಕಬ್ಬನ್ 1861ರಲ್ಲಿ ನೆನೆದ ಸಹಾಯದಲ್ಲಿ ಇದೂ ಸೇರುತ್ತದೆ. ಮಲಬಾರಿನಲ್ಲಿ ಜಮೀನ್ದಾರರ ವಿರುದ್ಧ, ಸರ್ಕಾರದ ವಿರುದ್ಧ ಎದ್ದ ಗೇಣಿದಾರನ ಕೈಯಲ್ಲಿ ಕತ್ತಿ ಸಿಕ್ಕಿದ್ದರಿಂದ ಅಲ್ಲಿ ಕಾಯ್ದೆ ಬಂತು. ಕೊಡಗಿನಲ್ಲಿ ಅದು ಸರ್ಕಾರದ ಪರ ಎದ್ದದ್ದರಿಂದ ವಿನಾಯಿತಿ ಬಂತು. ಉಕ್ಕು ಒಂದೇ, ಆಕಾರದಲ್ಲಿ ನೆಂಟಸ್ತನವೂ ಇದೆ. ಮುಂದೆ ಲಂಡನ್ನಿನ ಸಂಗ್ರಹಗಳನ್ನು ಪಟ್ಟಿ ಮಾಡಿದವರು ಕೊಡಗು ಮತ್ತು ಮಲಬಾರಿನ ಕತ್ತಿಗಳನ್ನು ಒಂದೇ ಗುಂಪಿನಲ್ಲಿಟ್ಟರು. ಬೇರೆ ಮಾಡಿದ್ದು ಕಾನೂನು.

ಇದರ ತದ್ವಿರುದ್ಧ ಕಥೆಯೊಂದು ಸ್ಕಾಟ್ಲೆಂಡಿನಲ್ಲಿದೆ. 1746ರಲ್ಲಿ ಕಲೋಡನ್ ಯುದ್ಧದಲ್ಲಿ ಸೋತ ಮಲೆಪ್ರಾಂತ್ಯದ ಜನರಿಂದ ಇಂಗ್ಲಿಷರು ಆಯುಧವನ್ನೂ ಸಾಂಪ್ರದಾಯಿಕ ಉಡುಪನ್ನೂ ಕಿತ್ತುಕೊಂಡರು. ಉಡುಪಿನ ಮೇಲಿನ ನಿಷೇಧ ಹೋದದ್ದು 1782ರಲ್ಲಿ. 1822ರಲ್ಲಿ ದೊರೆ ನಾಲ್ಕನೇ ಜಾರ್ಜ್ ಎಡಿನ್‌ಬರೋಗೆ ಬಂದಾಗ ಕಾದಂಬರಿಕಾರ ವಾಲ್ಟರ್ ಸ್ಕಾಟ್ ಏರ್ಪಡಿಸಿದ ಉತ್ಸವದಲ್ಲಿ ದೊರೆಯೇ ಆ ಉಡುಪು ತೊಟ್ಟು ನಿಂತ. ಆಮೇಲಿನ ದಶಕಗಳಲ್ಲಿ ಕಾಲುಚೀಲಕ್ಕೆ ಸಿಕ್ಕಿಸುವ ಪುಟ್ಟ ಕತ್ತಿ ಸ್ಕಾಟಿಷ್ ಗಂಡಸಿನ ಮದುವೆಯ ಉಡುಪಿನ ಭಾಗವಾಯಿತು. ಅಲ್ಲಿ ಮೊದಲು ಕಸಿದುಕೊಂಡು, ಅಪಾಯ ಕಳೆದ ಮೇಲೆ ಅಲಂಕಾರವಾಗಿ ಹಿಂತಿರುಗಿಸಿದರು. ಕೊಡಗಿನಲ್ಲಿ ಕಸಿಯಲೇ ಇಲ್ಲ, ಆದರೂ ಕತ್ತಿ ಅಲಂಕಾರವಾಯಿತು. ದಾರಿ ಬೇರೆಯಾದರೂ ಎರಡೂ ಬಂದು ಸೇರಿದ್ದು ಮದುವೆಮನೆಗೆ.

ಕೊಡವ ಮದುವೆಯಲ್ಲಿ ಒಡಿಕತ್ತಿಗೆ ಇಂದಿಗೂ ಒಂದು ಕೆಲಸ ಇದೆ. ನೆಟ್ಟ ಬಾಳೆದಿಂಡುಗಳನ್ನು ಮನೆತನದ ಪರವಾಗಿ ಒಬ್ಬರು ಬಂದು ಒಂದೊಂದೇ ಏಟಿಗೆ ತುಂಡರಿಸಬೇಕು. ಬಾಳೆದಿಂಡು ಮೆತ್ತಗೆ ಕಂಡರೂ ಓರೆಯಾಗಿ ಬೀಸದಿದ್ದರೆ ಕತ್ತಿ ನಾರಿನಲ್ಲಿ ಸಿಕ್ಕಿಕೊಳ್ಳುತ್ತದೆ. ಸಿಕ್ಕಿಕೊಂಡರೆ ಸುತ್ತ ನಿಂತ ನೆಂಟರು ಆ ಮಾತನ್ನು ವರ್ಷಗಟ್ಟಲೆ ಬಿಡುವುದಿಲ್ಲ. ಬೆಂಗಳೂರಿನಲ್ಲೋ ಪುಣೆಯಲ್ಲೋ ಕೆಲಸದಲ್ಲಿರುವ, ವರ್ಷಪೂರ್ತಿ ಈರುಳ್ಳಿ ಹೆಚ್ಚುವ ಚಾಕುವನ್ನೂ ಹಿಡಿಯದವನು ಆ ದಿನದ ಮಟ್ಟಿಗೆ ಭಾರದ ಕತ್ತಿ ಎತ್ತಬೇಕು. ಶತ್ರುವಿನ ಬದಲಿಗೆ ಬಾಳೆ ಎಂದು ಇದನ್ನು ವಿವರಿಸುವುದು ವಾಡಿಕೆ. ಇದ್ದೀತು. ಆದರೆ ಅಲ್ಲಿ ಪರೀಕ್ಷೆಯಾಗುವುದು ಶೌರ್ಯವಲ್ಲ, ಇವನಿಗೆ ಮನೆಯಲ್ಲಿ ಯಾರಾದರೂ ಕತ್ತಿ ಬೀಸುವುದನ್ನು ಹೇಳಿಕೊಟ್ಟಿದ್ದಾರೆಯೇ ಎಂಬುದು.

ಸಂಗ್ರಹಕಾರರ ಮೋಹ ಬೇರೆ ಜಾತಿಯದು. 1880ರಲ್ಲಿ ವಿಲ್‌ಬ್ರಹಾಂ ಎಗರ್ಟನ್ ಲಂಡನ್ನಿನ ಇಂಡಿಯಾ ಮ್ಯೂಸಿಯಂನ ಆಯುಧಗಳಿಗೆ ಸಚಿತ್ರ ಕೈಪಿಡಿ ಬರೆದ. 1934ರಲ್ಲಿ ಅಮೆರಿಕದ ಜಾರ್ಜ್ ಕ್ಯಾಮರಾನ್ ಸ್ಟೋನ್ ಪ್ರಪಂಚದ ಆಯುಧಗಳ ನಿಘಂಟು ಹೊರತಂದ. ಸಂಗ್ರಹಕಾರರು ಇವತ್ತಿಗೂ ಕೈಗೆತ್ತಿಕೊಳ್ಳುವ ಈ ಎರಡು ಪುಸ್ತಕಗಳಲ್ಲೂ ಕೊಡಗಿನ ಕತ್ತಿಗಳಿವೆ. ಹೆಸರುಗಳು ಮಾತ್ರ ಪ್ರಯಾಣದಲ್ಲಿ ನಲುಗಿವೆ. ಕನ್ನಡದ ಆಯುಧಕತ್ತಿ ಹರಾಜಿನ ಪಟ್ಟಿಗಳಲ್ಲಿ ‘ಆಯ್ದ ಕತ್ತಿ’ಯಾಗಿ, ಆಮೇಲೆ ಅಕ್ಷರ ಹಿಂದುಮುಂದಾಗಿ ‘ಅಡ್ಯ ಕತ್ತಿ’ಯಾಗಿ ತಿರುಗುತ್ತದೆ. ಕೊಂಡವನಿಗೆ ಮದುವೆಯೂ ಗೊತ್ತಿಲ್ಲ, ಬಾಳೆಯೂ ಗೊತ್ತಿಲ್ಲ. ಅವನಿಗೆ ಬೇಕಾದದ್ದು ಅಲಗಿನ ಬಾಗು, ಹಿಡಿಯ ಕೆತ್ತನೆ, ತೋಡಂಗ್ ಜೊತೆಗಿದ್ದರೆ ಬೆಲೆಯಲ್ಲಿ ಏರಿಕೆ. ಗುಜರಾತಿನ ಕಚ್ಛದಿಂದ ಹೋದ, ಹಿಡಿಯ ಸಂದಿಗೆ ಆನೆಯ ತಲೆ ಕೂರಿಸಿದ ಕತ್ತಿಗೂ ಇದೇ ಗತಿ. ಅದಕ್ಕೆ ಸಂಗ್ರಹಕಾರರು ಊರಿನ ಹೆಸರನ್ನೇ ಇಟ್ಟು ‘ಭುಜ್’ ಎಂದು ಕರೆದುಬಿಟ್ಟರು. ಆದರೂ ಇವರನ್ನು ಸುಮ್ಮನೆ ಹಳಿಯುವಂತಿಲ್ಲ. ಮನೆಗಳಲ್ಲಿ ತುಕ್ಕು ಹಿಡಿದು, ಬೆಳ್ಳಿ ಕರಗಿ ಹೋಗುತ್ತಿದ್ದ ಎಷ್ಟೋ ಹಳೆಯ ಮಾದರಿಗಳನ್ನು ಇಂದು ನೋಡಲು ಸಾಧ್ಯವಾಗಿರುವುದು ಅವರ ಹಟದಿಂದ.

ಇತ್ತ ದೇಶದಲ್ಲಿ ಆಯುಧದ ಅಪ್ಪಣೆ ರಾಜಕೀಯದ ಪ್ರಶ್ನೆಯಾಗಿ ಬೆಳೆಯಿತು. 1878ರಲ್ಲಿ ಲಿಟ್ಟನ್ ತಂದ ಆಯುಧ ಕಾಯ್ದೆ ಭಾರತೀಯರಿಗೆ ಪರವಾನಗಿ ಕಡ್ಡಾಯ ಮಾಡಿ ಯೂರೋಪಿಯನ್ನರನ್ನು ಹೊರಗಿಟ್ಟಿತು. ಅಹಿಂಸೆಯ ಗಾಂಧೀಜಿಯವರಿಗೂ ಇದು ಚುಚ್ಚುತ್ತಿತ್ತು. 1918ರಲ್ಲಿ ಅವರು ಅಹಮದಾಬಾದಿನ ಪಕ್ಕದ ಖೇಡಾ ಜಿಲ್ಲೆಯಲ್ಲಿ ಹಳ್ಳಿ ಹಳ್ಳಿ ನಡೆದು ಸೈನ್ಯಕ್ಕೆ ಜನ ಸೇರಿಸುತ್ತಿದ್ದಾಗ ಹಂಚಿದ ಕರಪತ್ರದಲ್ಲಿ ಇಡೀ ದೇಶವನ್ನು ನಿರಾಯುಧಗೊಳಿಸಿದ ಆ ಕಾಯ್ದೆಯನ್ನು ಬ್ರಿಟಿಷರ ಅತಿ ಕರಾಳ ಕೃತ್ಯವೆಂದು ಟೀಕಿಸಿದ್ದರು. 1930ರಲ್ಲಿ ಅವರು ಇರ್ವಿನ್‌ನ ಮುಂದಿಟ್ಟ ಹನ್ನೊಂದು ಬೇಡಿಕೆಗಳಲ್ಲಿ ಆತ್ಮರಕ್ಷಣೆಗೆ ಆಯುಧದ ಪರವಾನಗಿಯೂ ಒಂದು. ಮರುವರ್ಷ ಕರಾಚಿ ಕಾಂಗ್ರೆಸ್ಸಿನ ಮೂಲಭೂತ ಹಕ್ಕುಗಳ ನಿರ್ಣಯದಲ್ಲೂ ನಿಯಮಗಳಿಗೆ ಒಳಪಟ್ಟು ಆಯುಧ ಹೊಂದುವ ಹಕ್ಕು ಸೇರಿತ್ತು. ಸಂವಿಧಾನ ಬರುವ ವೇಳೆಗೆ ಆ ಮಾತು ಬಿದ್ದುಹೋಯಿತು. ಉಳಿದದ್ದು 25ನೇ ವಿಧಿಯ ವಿವರಣೆಯಲ್ಲಿ ಸಿಖ್ಖರ ಕೃಪಾಣ. ಅದಕ್ಕೆ ಧರ್ಮದ ಆಧಾರ.

1959ರ ಆಯುಧ ಕಾಯ್ದೆ ಬಂದಮೇಲೆ ಕೊಡವರ ವಿನಾಯಿತಿ ಹೊಸ ಅಧಿಸೂಚನೆಯಾಗಿ 1963ರಲ್ಲಿ ಮುಂದುವರಿಯಿತು. ಅದು ಹೆಸರಿಸುವುದು ಇಬ್ಬರನ್ನು: ಕೊಡವ ಜನಾಂಗದ ಪ್ರತಿಯೊಬ್ಬ ವ್ಯಕ್ತಿ, ಮತ್ತು ಕೊಡಗಿನ ಪ್ರತಿಯೊಬ್ಬ ಜಮ್ಮಾ ಹಿಡುವಳಿದಾರ. ವ್ಯಕ್ತಿ ಎಂದಿರುವುದರಿಂದ ಹೆಂಗಸರಿಗೂ ಅನ್ವಯಿಸುತ್ತದೆ, ಉಡುಪಿನಲ್ಲಿ ಕತ್ತಿ ಇರುವುದು ಗಂಡಸಿಗೆ ಮಾತ್ರವಾದರೂ. ನಿಯಮಗಳ ಪ್ರಕಾರ ಆಯುಧವೆನಿಸುವ ಕತ್ತಿಯ ಅಳತೆ ಬಲು ಸ್ವಾರಸ್ಯದ್ದು. ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇರಬೇಕು, ಮನೆಗೆಲಸಕ್ಕೋ ಬೇಸಾಯಕ್ಕೋ ಮಾಡಿದ್ದಾಗಿರಬಾರದು. ಒಂಬತ್ತು ಇಂಚು ಎಂದರೆ ಒಂದು ಗೇಣು. ಆ ಲೆಕ್ಕದಲ್ಲಿ ಪೀಚೆಕತ್ತಿ ಅಳತೆಯ ಒಳಗೇ ಉಳಿಯುತ್ತದೆ, ಒಡಿಕತ್ತಿ ಉದ್ದದಲ್ಲೂ ಅಗಲದಲ್ಲೂ ಹೊರಗೆ ಬೀಳುತ್ತದೆ. ತೆಂಗಿನಕಾಯಿ ಕೀಳುವವನ ಮಚ್ಚು ಒಡಿಕತ್ತಿಯಷ್ಟೇ ದೊಡ್ಡದಿದ್ದರೂ ಬೇಸಾಯದ ಲೆಕ್ಕಕ್ಕೆ ಹೋಗುತ್ತದೆ. ಅವನನ್ನು ಯಾರೂ ಯೋಧ ಎನ್ನುವುದಿಲ್ಲ, ಯಾರೂ ತಡೆಯುವುದೂ ಇಲ್ಲ.

ಇಲ್ಲಿ ಐರಿಗಳ ಮಾತು ಬರಬೇಕು. ಕೊಡಗಿನ ಮರಗೆಲಸ, ಕಬ್ಬಿಣದ ಕೆಲಸ ಮಾಡಿಕೊಂಡು ಬಂದ ಸಮುದಾಯ ಅದು, ಮನೆಮಾತು ಕೊಡವ ತಕ್ಕ್. ಕುಲುಮೆಯಲ್ಲಿ ಕೆಂಪಾದ ಪಟ್ಟಿಯನ್ನು ಬಡಿದು, ಬಾಗಿಸಿ, ನೀರಿಗದ್ದಿ ಗಟ್ಟಿ ಮಾಡಿ, ಸಾಣೆ ಹಿಡಿದು ಒಡಿಕತ್ತಿಗೆ ಆ ತೂಕವನ್ನು ಕೂರಿಸಿದವರು ಇಂಥ ಕುಲುಮೆಯವರು. ಅಲಗಿನ ಭಾರ ತುದಿಯ ಕಡೆ ಎಷ್ಟಿರಬೇಕು, ಹಿಡಿಯ ಕಡೆ ಎಷ್ಟು ಎಂಬ ಅಂದಾಜು ಪುಸ್ತಕದಿಂದ ಬರುವುದಲ್ಲ. ಜಮ್ಮಾ ಹಿಡುವಳಿ ಇಲ್ಲದ ಕಮ್ಮಾರನಿಗೆ ಆ ಅಧಿಸೂಚನೆಯಲ್ಲಿ ಜಾಗವಿಲ್ಲ. ತಾನು ಬಡಿದ ಕತ್ತಿಯನ್ನು ಬೆನ್ನಿಗೆ ಸಿಕ್ಕಿಸಿಕೊಂಡು ಹೊರಡಲು ಜನಾಂಗದ ವಿನಾಯಿತಿ ಅವನ ನೆರವಿಗೆ ಬರುವುದಿಲ್ಲ. ಅದೇ ಕಾಡಿನಲ್ಲಿ ಎಷ್ಟೋ ತಲೆಮಾರಿನಿಂದ ಬದುಕಿದ ಯರವ, ಜೇನುಕುರುಬರದೂ ಅದೇ ಪಾಡು. ಗದ್ದೆಗೆ ನುಗ್ಗುವ ಆನೆ, ಹಂದಿಗಳು ಇವರ ಮನೆಯನ್ನು ಬಿಟ್ಟು ಹೋಗುವುದಿಲ್ಲ.

ಈ ಪ್ರಶ್ನೆ ಕೊನೆಗೆ ನ್ಯಾಯಾಲಯಕ್ಕೂ ಹೋಯಿತು. ಕೇಂದ್ರ ಸರ್ಕಾರ 2019ರ ಅಕ್ಟೋಬರ್ 29ರ ಅಧಿಸೂಚನೆಯಲ್ಲಿ ವಿನಾಯಿತಿಯನ್ನು 2029ರ ಅಕ್ಟೋಬರ್ 31ರವರೆಗೆ ವಿಸ್ತರಿಸಿತು. ಹುಟ್ಟಿನಿಂದಲೂ ಜಮೀನಿನಿಂದಲೂ ಬರುವ ಇಂಥ ವಿನಾಯಿತಿ ಸಮಾನತೆಯ ಹಕ್ಕಿಗೆ ವಿರುದ್ಧ, ಬ್ರಿಟಿಷರ ಕಾಲದ ಪಕ್ಷಪಾತವನ್ನು ಗಣರಾಜ್ಯ ಯಾಕೆ ಮುಂದುವರಿಸಬೇಕು ಎಂಬುದು ಅರ್ಜಿದಾರರ ವಾದ. 2021ರ ಸೆಪ್ಟೆಂಬರ್ 22ರಂದು ಕರ್ನಾಟಕ ಹೈಕೋರ್ಟ್ ಅರ್ಜಿಯನ್ನು ತಳ್ಳಿಹಾಕಿತು. ಕೊಡವರು ಯೋಧ ಪರಂಪರೆಯವರು, ಸ್ವಾತಂತ್ರ್ಯಪೂರ್ವದಿಂದ ಈ ಸೌಲಭ್ಯ ಪಡೆದವರು, ವಿನಾಯಿತಿಯೂ ಷರತ್ತಿನೊಂದಿಗೆ ಹತ್ತು ವರ್ಷಕ್ಕೆ ಸೀಮಿತ, ಆದ್ದರಿಂದ ಇದು ಸಂವಿಧಾನಬಾಹಿರವಲ್ಲ ಎಂದು ಪೀಠ ಹೇಳಿತು.

ಅಲ್ಲಿಗೆ 1861ರ ತರ್ಕ ಗಣರಾಜ್ಯದಲ್ಲೂ ನಿಂತಿತು. ವಿನಾಯಿತಿಯನ್ನು ಕೊಡವರು ದುರುಪಯೋಗ ಮಾಡಿದರು ಎಂದು ವಿರೋಧಿಸುವವರ ವಾದ ದುರ್ಬಲ. ಮನೆಮನೆಯಲ್ಲಿ ಕೋವಿ, ಕತ್ತಿ ಇರುವ ಜಿಲ್ಲೆ ಎಂದರೆ ಹೊರಗಿನವರು ಊಹಿಸುವ ಚಿತ್ರವೇ ಬೇರೆ, ಅಲ್ಲಿ ಹೋಗಿ ನೋಡುವುದೇ ಬೇರೆ. ದಿನವೂ ಕಣ್ಣೆದುರು ಇರುವ, ಹಿರಿಯರ ದೀಪದ ಮುಂದೆ ಇಟ್ಟು ತೆಗೆಯುವ ಆಯುಧವನ್ನು ಮನುಷ್ಯ ಬೇರೆ ರೀತಿಯಲ್ಲೇ ಮುಟ್ಟುತ್ತಾನೆ. ಆದರೆ ಈ ಸಂಯಮ ಒಂದು ಜನಾಂಗದ ರಕ್ತದಲ್ಲೇ ಇದೆ ಎಂಬ ಇನ್ನೊಂದು ಕಡೆಯ ಮಾತೂ ಅಷ್ಟೇ ದುರ್ಬಲ. ಅದನ್ನು ಕಲಿಸಿದ್ದು ಐನ್‌ಮನೆ, ಹಬ್ಬ, ನೆಂಟರ ನಗೆ. ಅವಕಾಶ ಇದ್ದಿದ್ದರೆ ಘಟ್ಟದ ಕೆಳಗಿನವರೂ ಕಲಿಯುತ್ತಿದ್ದರು. 1854ರ ಕಾಯ್ದೆ ಮಾಪಿಳ್ಳೆಯ ಕೈಯಿಂದ ಕತ್ತಿಯ ಜೊತೆಗೆ ಅದನ್ನೂ ಕಿತ್ತುಕೊಂಡಿತು. ಅವನ ಕತ್ತಿ ಹಬ್ಬದ ಉಡುಪಾಗುವ ಮೊದಲೇ ಸರ್ಕಾರಿ ದಾಖಲೆಯಲ್ಲಿ ಜಪ್ತಿ ಮಾಲಾಯಿತು.

ಈಗ ಮಡಿಕೇರಿಯ ಪೇಟೆಯಲ್ಲಿ ಕಾಫಿಪುಡಿ, ಜೇನು, ಕಾಳುಮೆಣಸಿನ ಪೊಟ್ಟಣಗಳ ಪಕ್ಕದಲ್ಲೇ ಗಾಜಿನ ಕಟ್ಟಿನೊಳಗೆ ಪುಟಾಣಿ ಒಡಿಕತ್ತಿ, ಪೀಚೆಕತ್ತಿಗಳು ನೆನಪಿನ ಕಾಣಿಕೆಯಾಗಿ ಮಾರಾಟಕ್ಕಿವೆ. ಅವಕ್ಕೆ ಹರಿತವಿಲ್ಲ, ಯಾವ ಅಧಿಸೂಚನೆಯೂ ಬೇಕಿಲ್ಲ. ನಿಜವಾದವು ಐನ್‌ಮನೆಗಳಲ್ಲಿ ಎಣ್ಣೆಬಟ್ಟೆಯಲ್ಲಿ ಸುತ್ತಿಕೊಂಡು ಮುಂದಿನ ಮದುವೆಗೆ, ಸೆಪ್ಟೆಂಬರಿನ ಹಬ್ಬಕ್ಕೆ ಕಾಯುತ್ತಿವೆ. ದೆಹಲಿಯಿಂದ ಮತ್ತೊಂದು ಅಧಿಸೂಚನೆ ಬರಬೇಕಾದ 2029ಕ್ಕೆ ಕಬ್ಬನ್ನನ ಘೋಷಣೆಗೆ 168 ವರ್ಷ ತುಂಬಿರುತ್ತದೆ.